ಏರಿಗಿಂತ ಕೋಡಿ ನೋಡಿ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಪಾಲಾರ್ ಹೆಸರಿಗೆ ನದಿ, ಮಳೆ ನಿಂತರೆ ಬರೀ ಮರಳು. ಬಿದ್ದ ಮಳೆಯನ್ನೇ ಹಿಡಿದು ಬದುಕಬೇಕಾದ ಈ ಸೀಮೆಯವರು ಸಾವಿರಾರು ಕೆರೆ ಕಟ್ಟಿದರು, ಅದೂ ಸಾಲುಸಾಲಾಗಿ. ಮೇಲಿನ ಕೆರೆ ತುಂಬಿ ಕೋಡಿ ಹೋದ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಇಳಿಯುತ್ತದೆ. ಕೋಲಾರ, ಮುಳಬಾಗಿಲಿನ ಸಾಲುಗಳು ಬಹುಪಾಲು ಪಾಲಾರ್ ಕಡೆಗೆ, ಶ್ರೀನಿವಾಸಪುರದವು ಪಾಪಾಘ್ನಿಗೆ, ಮಾಲೂರಿನ ಪಡುವಣ ಭಾಗದವು ದಕ್ಷಿಣ ಪಿನಾಕಿನಿಗೆ.

ಕೆರೆ ನೋಡಲು ಹೋದವರು ಏರಿ ನೋಡಿ ಬರುತ್ತಾರೆ. ಏರಿಯ ಕೊನೆಯತನಕ ನಡೆದು ಕೋಡಿ ನೋಡಬೇಕು. ಹಳೆಯ ಕೋಡಿಗಳ ಮೇಲೆ ಮೊಣಕಾಲೆತ್ತರದ ಕಲ್ಲುಗಳನ್ನು ಸಾಲಾಗಿ ನೆಟ್ಟಿರುತ್ತಾರೆ. ಮಳೆಗಾಲ ಮುಗಿಯುತ್ತ ಬಂದಾಗ ಅವುಗಳ ಸಂದಿಗೆ ಮಣ್ಣು, ಹುಲ್ಲಿನ ಹೆಂಟೆ ಮೆತ್ತಿದರೆ ಒಂದೆರಡು ಅಡಿ ನೀರು ಹೆಚ್ಚಿಗೆ ನಿಲ್ಲುತ್ತದೆ. ಅಕಾಲದಲ್ಲಿ ಜೋರು ಮಳೆ ಹೊಡೆಯಿತೋ, ಆ ಮೆತ್ತಿದ್ದು ಕೊಚ್ಚಿಹೋಗುತ್ತದೆ, ಏರಿ ಉಳಿಯುತ್ತದೆ. ಎಲ್ಲಿ ಸೋಲಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡು ಕಟ್ಟಿದ ಕೆಲಸ ಇದು. ಸಂದಿ ಮುಚ್ಚುವುದು, ತೂಬು ಎತ್ತುವುದು, ನೀರು ಕಡಿಮೆಯಾದ ವರ್ಷ ಅಚ್ಚುಕಟ್ಟಿನ ಯಾವ ಗದ್ದೆಗೆ ಎಷ್ಟು ಹೊತ್ತು ಬಿಡುವುದು, ಇದೆಲ್ಲ ನೀರುಗಂಟಿಯ ಪಾಲಾಗಿತ್ತು. ಅವನ ಕೂಲಿ ಸುಗ್ಗಿಯ ಕಣದಲ್ಲೇ ಅಳೆದು ಕೊಡುತ್ತಿದ್ದ ಕಾಳು. ಬೇಸಿಗೆಯಲ್ಲಿ ರೈತರು ಗಾಡಿಗೆ ಗೋಡು ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ಮಾಲೂರಿನ ಹೆಂಚು, ಇಟ್ಟಿಗೆಗೂ ಕೆರೆಮಣ್ಣೇ ಬೇಕಾಗಿತ್ತು. ಹೂಳೆತ್ತಲು ಬೇರೆ ಯೋಜನೆ ಏಕೆ?

ಸಾಲಿಗೆ ಅದರದೇ ಅಪಾಯವೂ ಉಂಟು. 1903ರ ನವೆಂಬರ್ ಮಳೆಗೆ ಪಾಲಾರಿನ ಮೇಲ್ಭಾಗದ ದೊಡ್ಡ ಕೆರೆಗಳು ಒಡೆದವು. ಆ ನೀರೆಲ್ಲ ಸೇರಿ ಕೆಳಗಿನ ವಾಣಿಯಂಬಾಡಿ ಪಟ್ಟಣದ ಮೇಲೆ ಬಿತ್ತು. ಮೇಲಿನವರ ಕೋಡಿ ಕೆಳಗಿನವರ ಪ್ರಾಣ.

ಆಮೇಲೆ ಬೋರ್‌ವೆಲ್ ಬಂತು. ಗುಂಡಿ ಒತ್ತಿದರೆ ನೀರು ಬರುವಾಗ ನೀರುಗಂಟಿ ಯಾರಿಗೆ ಬೇಕು? ಕೆರೆಯಂಗಳಕ್ಕೆ ಜಾಲಿ, ರಾಜಕಾಲುವೆಗೆ ಒತ್ತುವರಿ ಬಂತು. ಬೋರು ಸಾವಿರ ಅಡಿ ದಾಟಿತು, ನೀರಿನ ಜೊತೆ ಫ್ಲೋರೈಡೂ ಏರಿತು.

2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಲಕ್ಷ್ಮೀಸಾಗರ ಕೆರೆಗೆ ಬಂತು. ಕೆಲವೇ ವಾರಗಳಲ್ಲಿ ನೊರೆ ಕಾಣಿಸಿತು, ತಕರಾರು ಹೈಕೋರ್ಟಿಗೆ ಹೋಯಿತು. ಎರಡೇ ಹಂತದ ಶುದ್ಧೀಕರಣ ಸಾಲದು ಎಂಬ ವಾದ ನನಗೂ ಸರಿಯೆನಿಸುತ್ತದೆ. ಆದರೂ ಆ ನೀರು ಲಕ್ಷ್ಮೀಸಾಗರದಿಂದ ಮುಂದಿನ ಕೆರೆಗಳಿಗೆ ಇಳಿದದ್ದು ಹಳೆಯ ಕೋಡಿಯ ಹಾದಿಯಲ್ಲೇ. ಹೊಸ ಪೈಪು ಮುಗಿದಲ್ಲಿಂದ ಮುಂದಕ್ಕೆ ಅಜ್ಜಂದಿರ ಲೆಕ್ಕಾಚಾರ.

2021ರ ನವೆಂಬರ್‌ನಲ್ಲಿ ಬಿಡದೆ ಮಳೆ ಸುರಿಯಿತು. ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಮಲಗಿತು. ಅದೇ ಮಳೆಗೆ ಕೋಲಾರಮ್ಮನ ಕೆರೆ, ಎಸ್. ಅಗ್ರಹಾರದ ದೊಡ್ಡ ಕೆರೆ ವರ್ಷಗಳ ಮೇಲೆ ಕೋಡಿ ಹೋದವು. ಹುಟ್ಟಿದ ಮೇಲೆ ಕೋಡಿ ನೀರನ್ನೇ ಕಾಣದ ಹುಡುಗರು ಏರಿಯ ಮೇಲೆ ಗುಂಪುಗಟ್ಟಿ ನಿಂತು ಮೊಬೈಲ್ ಎತ್ತಿ ಹಿಡಿದಿದ್ದರು.