ನಂದಿಬಟ್ಟಲಿನ ಹಸಿರು ಹುಳು: ತಪ್ಪು ಕಲ್ಪನೆ ಮತ್ತು ವಾಸ್ತವ

ನಂದಿಬಟ್ಟಲು, ಕಣಗಿಲೆ, ನಿತ್ಯಪುಷ್ಪದ ಗಿಡಗಳಲ್ಲಿ ಬೆರಳುದ್ದದ ದಪ್ಪ ಹಸಿರು ಹುಳು ಕಂಡರೆ ಹೊಸಕಿ ಹಾಕುವವರೇ ಹೆಚ್ಚು. ಇದು ಕಣಗಿಲೆ ಹಾಕ್ ಮಾತ್ ಪತಂಗದ ಮರಿ. ಶಾಸ್ತ್ರೀಯ ಹೆಸರು ಡ್ಯಾಫ್ನಿಸ್ ನೀರಿಯೈ. ಇದರ ಬಗೆಗಿನ ಹೆದರಿಕೆಗಳಲ್ಲಿ ಒಂದಕ್ಕೂ ಆಧಾರವಿಲ್ಲ.

ತಪ್ಪು ಕಲ್ಪನೆ: ಬಾಲದ ಕೊಂಬು ಚುಚ್ಚುತ್ತದೆ, ಮುಟ್ಟಿದರೆ ಮೈ ತುರಿಸುತ್ತದೆ.
ವಾಸ್ತವ: ಕೊಂಬು ಮೆತ್ತಗಿದೆ, ಅದರಲ್ಲಿ ವಿಷವಿಲ್ಲ. ತುರಿಕೆ ತರುವುದು ಕಂಬಳಿಹುಳುವಿನ ರೋಮ. ಇದರ ಮೈಯಲ್ಲಿ ಅಂಥ ರೋಮವೇ ಇಲ್ಲ.

ತಪ್ಪು ಕಲ್ಪನೆ: ಎರಡು ದೊಡ್ಡ ನೀಲಿ ಕಣ್ಣುಗಳಿಂದ ಅದು ನಮ್ಮನ್ನು ದುರುಗುಟ್ಟುತ್ತದೆ.
ವಾಸ್ತವ: ಅವು ಬರೀ ಬಣ್ಣದ ಮಚ್ಚೆಗಳು. ನಿಜವಾದ ಕಣ್ಣುಗಳು ತಲೆಯ ಇಕ್ಕೆಲದಲ್ಲಿರುವ ಪುಟ್ಟ ಚುಕ್ಕೆಗಳು. ಅಪಾಯ ಕಂಡಾಗ ಹುಳು ತಲೆ ಒಳಗೆಳೆದು ಎದೆ ಉಬ್ಬಿಸುತ್ತದೆ. ಆಗ ಮಚ್ಚೆಗಳು ಹಿಗ್ಗಿ ಹಕ್ಕಿಯನ್ನು ಬೆದರಿಸುತ್ತವೆ. ಕಚ್ಚಲು, ಕುಟುಕಲು ಬಾರದ ಜೀವಿಗೆ ಇದೇ ರಕ್ಷಣೆ.

ತಪ್ಪು ಕಲ್ಪನೆ: ಕಣಗಿಲೆ ತಿನ್ನುವ ಹುಳು ತಾನೂ ವಿಷ.
ವಾಸ್ತವ: ಕಣಗಿಲೆ ದನಕರುಗಳ, ಮನುಷ್ಯರ ಹೃದಯವನ್ನೇ ನಿಲ್ಲಿಸಬಲ್ಲದು, ನಿಜ. ಆದರೆ ಈ ಹುಳು ಆ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುವುದಿಲ್ಲ.

ತಪ್ಪು ಕಲ್ಪನೆ: ಹಸಿರು ಹೋಗಿ ಕಂದಾದರೆ ಅದಕ್ಕೆ ರೋಗ ಬಂದಿದೆ.
ವಾಸ್ತವ: ಅದು ಕೋಶಾವಸ್ಥೆಗೆ ಸಿದ್ಧವಾಗಿದೆ. ಗಿಡದಿಂದಿಳಿದು ತರಗೆಲೆಗಳ ನಡುವೆ ಸಡಿಲವಾದ ಗೂಡು ಕಟ್ಟಿ ಕೋಶವಾಗುತ್ತದೆ. ಬುಡದ ತರಗೆಲೆ ಗುಡಿಸಿ ಸುಟ್ಟರೆ ಪತಂಗವೂ ಸುಟ್ಟುಹೋಗುತ್ತದೆ.

ತಪ್ಪು ಕಲ್ಪನೆ: ಪತಂಗವಾದ ಮೇಲೂ ಎಲೆ ತಿಂದು ಗಿಡ ಹಾಳುಮಾಡುತ್ತದೆ.
ವಾಸ್ತವ: ಪತಂಗಕ್ಕೆ ಎಲೆ ಕತ್ತರಿಸುವ ದವಡೆಯಿಲ್ಲ. ಮುಸ್ಸಂಜೆಯಲ್ಲಿ ಮಲ್ಲಿಗೆಯಂಥ ಪರಿಮಳದ ಹೂಗಳ ಮುಂದೆ ಗಾಳಿಯಲ್ಲೇ ನಿಂತು, ಉದ್ದನೆಯ ಹೀರುಗೊಳವೆಯಿಂದ ಮಕರಂದ ಹೀರುತ್ತದೆ. ಹಸಿರು, ಬಿಳಿ, ನಸುಗುಲಾಬಿ ಬೆರೆತ ರೆಕ್ಕೆಗಳ ಹರವು ಸುಮಾರು 10 ಸೆಂಟಿಮೀಟರ್. ಆಫ್ರಿಕಾದಿಂದ ಮೆಡಿಟರೇನಿಯನ್ ಸಮುದ್ರ ದಾಟಿ ಬೇಸಿಗೆಯಲ್ಲಿ ಯುರೋಪ್ ಮುಟ್ಟುವಷ್ಟು ಕಸುವು ಆ ರೆಕ್ಕೆಗಳಿಗಿದೆ.

ತಪ್ಪು ಕಲ್ಪನೆ: ಔಷಧಿ ಹೊಡೆಯದಿದ್ದರೆ ಗಿಡ ಸಾಯುತ್ತದೆ.
ವಾಸ್ತವ: ಹುಳು ಎಲೆ ಮೇಯುವುದು ಕೆಲವೇ ವಾರ. ಬೇರೂರಿದ ಗಿಡ ಮತ್ತೆ ಚಿಗುರುತ್ತದೆ. ಔಷಧಿಯಾದರೋ ಹೂವಿಗೆ ಬರುವ ಜೇನುನೊಣವನ್ನೂ ಕೊಲ್ಲುತ್ತದೆ. ಕುಂಡದ ಎಳೆ ಗಿಡವಾದರೆ ಹುಳುವನ್ನು ಎಲೆಸಮೇತ ಎತ್ತಿ, ಅದೇ ಜಾತಿಯ ದೊಡ್ಡ ಗಿಡಕ್ಕೆ ಬಿಡಿ. ಕಣಗಿಲೆಯ ಹಾಲು ತಾಗಿದರೆ ಕೈ ತೊಳೆದುಕೊಳ್ಳಿ. ಎಚ್ಚರ ಬೇಕಾದದ್ದು ಗಿಡದ ವಿಷಕ್ಕೆ, ಹುಳುವಿಗಲ್ಲ.