ಕೋಡ್‌ಗೆ ಮೊದಲು ಒಂದು ಸುಳ್ಳು ಆ್ಯಪ್

ನಾಸಿಕ್‌ನ ಅಂಬಡ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಪುಟ್ಟ ಕಚೇರಿ. ಏಳು ಜನರಲ್ಲಿ ಧಾರವಾಡದವನು ನಾನೊಬ್ಬನೇ. ಕಾರ್ಖಾನೆಗಳಿಗೆ ಆ್ಯಪ್ ಮಾಡಿಕೊಡುತ್ತೇವೆ. ಪರದೆಯ ಮೇಲೆ ಯಾವ ಗುಂಡಿ ಎಲ್ಲಿರಬೇಕು, ಒತ್ತಿದರೆ ಮುಂದೇನು ಬರಬೇಕು ಎಂದು ಚಿತ್ರ ಬಿಡಿಸಿ ತೋರಿಸುವುದು ನನ್ನ ಕೆಲಸ. "ಪ್ರೋಗ್ರಾಮ್ ಬರಿಯೂದಿಲ್ಲಂದ್ರ ನಿನಗ ಪಗಾರ ಯಾಕ ಕೊಡ್ತಾರೋ?" ಎಂದು ಅವ್ವ ಕೇಳಿದ್ದಳು. ಬಹಳ ದಿನ ನನಗೂ ಉತ್ತರ ಹೊಳೆದಿರಲಿಲ್ಲ.

ಛತ್ರಪತಿ ಸಂಭಾಜಿನಗರದ ವಾಳೂಜ್‌ನಲ್ಲಿ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದಿದೆ. ಅಲ್ಲಿ ಕಾರ್ಮಿಕರು ತಾವು ಮಾಡಿದ ಭಾಗವನ್ನು ತಾವೇ ಅಳೆದು ಪಾಸ್ ಅಥವಾ ರಿಜೆಕ್ಟ್ ಒತ್ತುವ ಆ್ಯಪ್ ಬೇಕಿತ್ತು. ಅವಸರದಲ್ಲಿ ಕರಡನ್ನೇ ಬಿಟ್ಟು ನೇರ ಕೋಡ್ ಬರೆದೆವು. ಮೂರು ತಿಂಗಳ ದುಡಿಮೆ. ಟ್ಯಾಬ್ಲೆಟ್ ಕೊಟ್ಟ ಎರಡನೇ ತಿಂಗಳಿಗೆ ಎಲ್ಲರೂ ಮತ್ತೆ ಕಾಗದದ ರಿಜಿಸ್ಟರ್ ಹಿಡಿದಿದ್ದರು. ಯಾಕೆಂದು ಕೇಳಿದರೆ "ಚಾಂಗ್ಲಂ ಆಹೆ ಸಾಹೇಬ್" ಎನ್ನುವುದು ಬಿಟ್ಟು ಬೇರೆ ಮಾತಿಲ್ಲ.

ಮರುದಿನ ಮನಸ್ಸು ಸರಿಯಿಲ್ಲದೆ ಎಲ್ಲೋರಕ್ಕೆ ಹೋದೆ, ಅಲ್ಲಿಂದ ಸುಮಾರು 30 ಕಿ.ಮೀ. ರಾಷ್ಟ್ರಕೂಟರ ಕೈಲಾಸ ಗುಡಿಯನ್ನು ಮೇಲಿನಿಂದ ಕೆಳಕ್ಕೆ ಕೊರೆದಿದ್ದಾರೆ. ಒಮ್ಮೆ ಕಡಿದ ಕಲ್ಲು ಮತ್ತೆ ಕೂಡದು. ಅದಕ್ಕೂ ಮೊದಲೇ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ಗುಡಿ ಎದ್ದಿತ್ತು. ಎರಡನ್ನೂ ನೋಡಿದವರಿಗೆ ಹೋಲಿಕೆ ಕಾಣದೆ ಇರದು. ಮಾದರಿ ಇಟ್ಟುಕೊಂಡೇ ಉಳಿ ಹಿಡಿದರು ಅನ್ನಿಸಿತು. ಇತಿಹಾಸಕಾರರು ಬೈದರೆ ಬೈಯಲಿ.

ಎರಡನೇ ಸಲ ಫಿಗ್ಮಾದಲ್ಲಿ ಶುರು ಮಾಡಿದೆ. 2016ರಲ್ಲಿ ಎಲ್ಲರಿಗೂ ತೆರೆದ ಈ ಸಾಧನ ಬ್ರೌಸರ್‌ನಲ್ಲೇ ಓಡುತ್ತದೆ. ಚಿತ್ರದಿಂದ ಚಿತ್ರಕ್ಕೆ ಕೊಂಡಿ ಹಾಕಿದರೆ ನಿಜವಾದ ಆ್ಯಪ್‌ನಂತೆಯೇ ಒತ್ತಿ ನೋಡಬಹುದು. ಹಿಂದೆ ಒಂದು ಸಾಲು ಕೋಡ್ ಕೂಡ ಇರುವುದಿಲ್ಲ. ಬಣ್ಣ ಹಚ್ಚಲಿಲ್ಲ. ಬಣ್ಣ ಕಂಡರೆ ಜನ ಬಣ್ಣದ ಬಗ್ಗೆಯೇ ಮಾತಾಡುತ್ತಾರೆ, ಮ್ಯಾನೇಜರಂತೂ "ರೆಡಿ ಆಯಿತಲ್ಲ, ನಾಳೆಯೇ ಹಾಕಿಬಿಡಿ" ಎನ್ನುತ್ತಾರೆ. ಬಾಲ್ಸಮಿಕ್ ಎಂಬ ಇನ್ನೊಂದು ಸಾಧನ ಬೇಕೆಂದೇ ಕೈಯಲ್ಲಿ ಗೀಚಿದಂತೆ ಚಿತ್ರ ಕೊಡುವುದು ಇದಕ್ಕೇ.

ಟ್ಯಾಬ್ಲೆಟ್ ಹಿಡಿದು ಕಾರ್ಖಾನೆಯೊಳಗೆ ನಿಂತಿದ್ದಾಗ ಅವ್ವನ ಫೋನ್ ಬಂತು. ಮಾತು ಮುಗಿಸುತ್ತಿದ್ದಂತೆ ಒಬ್ಬರು ಹತ್ತಿರ ಬಂದರು. ಭಾಲ್ಕಿ ಕಡೆಯವರು.

"ಇದು ಒತ್ತಿದ್ರ ಎಲ್ಲೆರ ದಾಖಲ ಆಗ್ತದೇನ್ರಿ ಸರ?"

"ಇಲ್ರೀ, ಇದು ಬರೇ ಚಿತ್ರ. ಏನ್ ಒತ್ತಿದ್ರೂ ಏನೂ ಆಗೂದಿಲ್ಲ."

"ಹಂಗಾದ್ರ ಹೇಳ್ತೀನ್ರಿ. ಹಳೇದ್ರಾಗ ಪಾಸ್, ರಿಜೆಕ್ಟ್ ಎರಡೂ ಬಾಜೂಕ ಬಾಜೂಕ ಇದ್ವು. ಗ್ಲೌಸ್ ಹಾಕಿದ ಕೈ, ಮ್ಯಾಲ ಎಣ್ಣಿ. ಪಾಸ್ ಒತ್ತಾಕ ಹೋದ್ರ ರಿಜೆಕ್ಟ್ ಬೀಳ್ತಿತ್ತು, ಹಿಂದಕ್ಕ ತಗೊಳ್ಳಾಕ ಬರ್ತಿದ್ದಿಲ್ಲ. ನನ್ನ ಹೆಸರಿಗಿ ಹನ್ನೊಂದು ಬಿದ್ದಾವ್ರಿ. ಆ ತಿಂಗಳ ಇನ್ಸೆಂಟಿವ್ ಕಟ್."

ಅವರೆದುರೇ ಲ್ಯಾಪ್‌ಟಾಪ್ ತೆರೆದು ರಿಜೆಕ್ಟ್ ಗುಂಡಿಯನ್ನು ಇನ್ನೊಂದು ತುದಿಗೆ ಎಳೆದೆ. ಆ್ಯಂಡ್ರಾಯ್ಡ್‌ಗೆ ಗೂಗಲ್ ಹೇಳುವ ಕನಿಷ್ಠ ಗುಂಡಿ 48 ಡಿಪಿ, ಸುಮಾರು 9 ಮಿಲಿಮೀಟರ್. ಅದು ಬರಿಬೆರಳಿನ ಲೆಕ್ಕ. ನಾನು ಎರಡು ಪಟ್ಟಿಗಿಂತ ಹೆಚ್ಚೇ ಇಟ್ಟೆ. ಒತ್ತಿದ ಮೇಲೆ ಹತ್ತು ಸೆಕೆಂಡು ಉಳಿಯುವ 'ರದ್ದು' ಗುಂಡಿಯನ್ನೂ ಸೇರಿಸಿದೆ. ಗ್ಲೌಸ್ ಕಳಚದೆ ಇಪ್ಪತ್ತು ಸಲ ಒತ್ತಿ ನೋಡಿದರು. ಆಮೇಲೆ ಪಕ್ಕದ ಯಂತ್ರದವರನ್ನೂ ಕರೆದರು.

ಹೊಸ ಆ್ಯಪ್ ಈಗ ಅಲ್ಲಿ ಓಡುತ್ತಿದೆ. ಕಡಿತವಾದ ಹಣ ಮರಳಿತೇ ಎಂದು ಮೊನ್ನೆ ಫೋನಿನಲ್ಲಿ ಕೇಳಿದೆ. "ಇಲ್ರಿ ಸರ, ಅದು ಹೋದದ್ದ ಹೋಯ್ತು" ಎಂದರು. ಹಳೆಯ ದಾಖಲೆಯಿಂದ ಆ ಹನ್ನೊಂದನ್ನೂ ಪಟ್ಟಿ ಮಾಡಿ, ತಪ್ಪು ನಮ್ಮ ಗುಂಡಿಯದು ಎಂದು ಬರೆದು ಮ್ಯಾನೇಜರಿಗೆ ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.