ಮೈಕಸುವು: ಹುಟ್ಟಿನಿಂದ ಎಷ್ಟು, ಅಂಗಳದಿಂದ ಎಷ್ಟು?

"ಅವನದು ನಮ್ಮ ವಂಶದ ಮೈ ಸಾರ್. ನಮ್ಮಪ್ಪನೂ ಹೀಗೇ ಇದ್ದರು, ನಾನೂ ಹೀಗೇ. ಓಡಿಸಿದರೆ ಬರೀ ಏದುಸಿರು. ಆಟದ ಪೀರಿಯಡ್ಡಿನಲ್ಲಿ ಲೆಕ್ಕವನ್ನಾದರೂ ಮಾಡಲಿ ಬಿಡಿ."

ಒಂಬತ್ತನೇ ತರಗತಿಯ ಹುಡುಗನೊಬ್ಬನ ತಂದೆ ಜೂನ್ ತಿಂಗಳಲ್ಲಿ ಶಾಲೆಗೆ ಬಂದು ಹೀಗೆಂದಾಗ, ವಿಜ್ಞಾನದ ಮೇಷ್ಟ್ರಾದ ನಾನು ತಲೆಯಾಡಿಸಿದೆ. ಪೋರ್ಷನ್ ಮುಗಿಸುವ ಆತುರದಲ್ಲಿ ದೈಹಿಕ ಶಿಕ್ಷಕರಿಂದ ಆ ಪೀರಿಯಡ್ಡನ್ನು ಎಷ್ಟೋ ಸಲ ಬೇಡಿ ಪಡೆದವನೂ ನಾನೇ. ಮೆಂಡಲನ ಬಟಾಣಿ ಗಿಡಗಳ ಪಾಠವನ್ನು ವರ್ಷ ವರ್ಷವೂ ಮಾಡುತ್ತೇನೆ. ಎತ್ತರದ ಗಿಡ, ಗಿಡ್ಡ ಗಿಡ, ಪಾಠವೇನೋ ಅಚ್ಚುಕಟ್ಟು. ಮಕ್ಕಳ ಮೈ ಅಷ್ಟು ಅಚ್ಚುಕಟ್ಟಲ್ಲ ಎಂಬುದು ಗೊತ್ತಿದ್ದೂ ಅಂದು ಆ ತಂದೆಗೆ ಹೇಳಲಿಲ್ಲ.

ಅವರ ಮಾತಿನಲ್ಲಿ ಸತ್ಯವೇ ಇಲ್ಲವೆಂದಲ್ಲ. ಓಡುವಾಗ ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ ಬೇಕು. ಶ್ವಾಸಕೋಶ ಎಳೆದುಕೊಂಡದ್ದನ್ನು ರಕ್ತದ ಹಿಮೋಗ್ಲೋಬಿನ್ ಹೊರುತ್ತದೆ, ಹೃದಯ ತಳ್ಳುತ್ತದೆ, ಸ್ನಾಯು ಬಳಸುತ್ತದೆ. ಪೂರ್ತಿ ದಣಿಯುವಂತೆ ದುಡಿದಾಗ ದೇಹ ನಿಮಿಷಕ್ಕೆ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬುದೇ ನಾವು ದಮ್ಮು ಎನ್ನುವುದರ ಅಳತೆಗೋಲು.

ಈ ದಮ್ಮು ವಂಶದಿಂದ ಎಷ್ಟು ಬರುತ್ತದೆ? 1990ರ ದಶಕದಲ್ಲಿ ಕ್ಲಾಡ್ ಬುಶಾರ್ ಮತ್ತು ಸಂಗಡಿಗರು ಅಮೆರಿಕ, ಕೆನಡಾಗಳಲ್ಲಿ 'ಹೆರಿಟೇಜ್' ಎಂಬ ಅಧ್ಯಯನ ನಡೆಸಿದರು. ವ್ಯಾಯಾಮದ ರೂಢಿಯೇ ಇಲ್ಲದ ತಂದೆತಾಯಿಯರನ್ನೂ ಅವರ ಬೆಳೆದ ಮಕ್ಕಳನ್ನೂ ಕುಟುಂಬ ಸಮೇತ ಕರೆಸಿ, 20 ವಾರ ಕಾಲ ನಿಂತಲ್ಲೇ ತುಳಿಯುವ ಸೈಕಲ್ ಮೇಲೆ ಒಂದೇ ಬಗೆಯ ತಾಲೀಮು ಕೊಟ್ಟರು. 1999ರಲ್ಲಿ 98 ಕುಟುಂಬಗಳ 481 ಜನರ ಫಲಿತಾಂಶ ಪ್ರಕಟವಾಯಿತು. ಆಮ್ಲಜನಕ ಬಳಸುವ ಶಕ್ತಿ ಸರಾಸರಿ ನಿಮಿಷಕ್ಕೆ 400 ಮಿಲಿಲೀಟರಿನಷ್ಟು ಹೆಚ್ಚಿತ್ತು. ಆದರೆ ಕೆಲವರಲ್ಲಿ ಹೆಚ್ಚಳವೇ ಇಲ್ಲವೆನ್ನುವಷ್ಟು ಅಲ್ಪ. ಕೆಲವರಲ್ಲಿ 1 ಲೀಟರನ್ನೂ ಮೀರಿತ್ತು. ಒಂದೇ ಮನೆಯವರ ಫಲಿತಾಂಶಗಳಲ್ಲಿ ಹೋಲಿಕೆ ಕಂಡಿತು. ಜನರ ನಡುವಣ ಈ ವ್ಯತ್ಯಾಸದಲ್ಲಿ ಅನುವಂಶೀಯತೆಯ ಪಾಲು ಹೆಚ್ಚೆಂದರೆ ಶೇಕಡ 47 ಎಂದು ಲೆಕ್ಕ ಹಾಕಿದರು.

'ಹೆಚ್ಚೆಂದರೆ' ಎಂಬ ಪದಕ್ಕೆ ಅಡಿಗೆರೆ ಎಳೆದು ಓದಬೇಕು. ಒಂದೇ ಮನೆಯವರು ಹಂಚಿಕೊಂಡಿರುವುದು ಜೀನ್‌ಗಳನ್ನಷ್ಟೇ ಅಲ್ಲ. ಒಂದೇ ಅಡುಗೆ, ಒಂದೇ ದಿನಚರಿ, ಟಿ.ವಿ. ಮುಂದಿನ ಒಂದೇ ಸೋಫಾ. ಅಲ್ಲದೆ, ನಿಮ್ಮ ಮಗನ ಕಸುವಿನಲ್ಲಿ 47 ಭಾಗ ನಿಮ್ಮದು, ಮಿಕ್ಕಿದ್ದು ಅವನದು ಎಂಬ ಅರ್ಥವೂ ಇದಕ್ಕಿಲ್ಲ. ಒಂದೇ ಚೀಲದ ರಾಗಿಯನ್ನು ಗೊಬ್ಬರ ಕಂಡ ಹೊಲಕ್ಕೂ ಕಲ್ಲುನೆಲಕ್ಕೂ ಬಿತ್ತಿ ನೋಡಿ. ಒಂದು ಹೊಲದೊಳಗೆ ತೆನೆಗೂ ತೆನೆಗೂ ಇರುವ ವ್ಯತ್ಯಾಸಕ್ಕೆ ಬೀಜ ಕಾರಣವಿರಬಹುದು. ಎರಡು ಹೊಲಗಳ ನಡುವಣ ವ್ಯತ್ಯಾಸಕ್ಕೆ ಬೀಜವನ್ನು ದೂರಲಾಗದು.

ಒಂದೇ ಜೀನ್ ಇಡೀ ಮೈಯ ಕಸುವನ್ನು ಬದಲಿಸಿದ ಉದಾಹರಣೆಯೂ ಇದೆ, ಅಪರೂಪಕ್ಕೆ. ಫಿನ್ಲೆಂಡಿನ ಈರೊ ಮ್ಯಾಂಟಿರಾಂಟಾ 1964ರ ಚಳಿಗಾಲದ ಒಲಿಂಪಿಕ್ಸ್‌ನ ಸ್ಕೀ ಓಟಗಳಲ್ಲಿ ಎರಡು ಚಿನ್ನ ಗೆದ್ದವರು. ಗಂಡಸರ 100 ಮಿಲಿಲೀಟರ್ ರಕ್ತದಲ್ಲಿ ಸಾಮಾನ್ಯವಾಗಿ 13ರಿಂದ 17 ಗ್ರಾಂ ಹಿಮೋಗ್ಲೋಬಿನ್ ಇದ್ದರೆ ಅವರಲ್ಲಿ 20 ಗ್ರಾಂಗೂ ಹೆಚ್ಚಿತ್ತು. ಕೆಂಪು ರಕ್ತಕಣಗಳ ಉತ್ಪಾದನೆಗೆ ಸಂಬಂಧಿಸಿದ ಒಂದು ಜೀನ್‌ನಲ್ಲಿನ ಬದಲಾವಣೆಯೇ ಕಾರಣವೆಂದು 1993ರಲ್ಲಿ ತಿಳಿಯಿತು. ಅವರ ಬಂಧುಗಳಲ್ಲಿ ಅನೇಕರಿಗೆ ಅದೇ ಜೀನ್ ಇತ್ತು. ಎಲ್ಲರೂ ಚಾಂಪಿಯನ್ನರಾಗಲಿಲ್ಲ.

ಜೊಲ್ಲು ಪರೀಕ್ಷಿಸಿ ನಿಮ್ಮ ಮಗು ಯಾವ ಆಟಕ್ಕೆ ಹುಟ್ಟಿದೆ ಎಂದು ಹೇಳುವ ಕಂಪೆನಿಗಳು ಈಗ ಬಂದಿವೆ. ಮಕ್ಕಳಲ್ಲಿ ಪ್ರತಿಭೆ ಗುರುತಿಸಲು ಇಂಥ ಪರೀಕ್ಷೆಗಳನ್ನು ಬಳಸಬಾರದೆಂದು 2015ರಲ್ಲೇ ತಜ್ಞರ ತಂಡವೊಂದು ಹೇಳಿದೆ. ಆ ದುಡ್ಡಿಗೆ ಒಂದು ಜೊತೆ ಒಳ್ಳೆಯ ಕ್ಯಾನ್ವಾಸ್ ಶೂ ಕೊಡಿಸಬಹುದು.

5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಬಿಗಿಯುವಂತೆ ಮೈ ದಣಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ 2016ರ ಲೆಕ್ಕದಂತೆ, ಶಾಲೆಗೆ ಹೋಗುವ 11ರಿಂದ 17 ವರ್ಷದವರಲ್ಲಿ ಜಗತ್ತಿನಾದ್ಯಂತ ಶೇಕಡ 81 ಮಂದಿ ಅಷ್ಟು ಮಾಡುತ್ತಿರಲಿಲ್ಲ. ಹುಡುಗರಲ್ಲಿ ಈ ಪ್ರಮಾಣ ಸುಮಾರು 78, ಹುಡುಗಿಯರಲ್ಲಿ 85. ಒಂದೆರಡು ತಲೆಮಾರಿನಲ್ಲಿ ಮನುಷ್ಯರ ಜೀನ್‌ಗಳು ಬದಲಾಗಿಬಿಡುವುದಿಲ್ಲ. ನಮ್ಮೂರಲ್ಲಿ ಬದಲಾದದ್ದು ನಾನೇ ಕಂಡಂತೆ ಇಷ್ಟು: ನಡೆದು ಬರುತ್ತಿದ್ದವರು ವ್ಯಾನ್ ಹತ್ತಿದರು, ಲಗೋರಿ ಆಡುವ ಬಯಲು ಸೈಟುಗಳಾಯಿತು, ಸಂಜೆಯೆಲ್ಲ ಟ್ಯೂಷನ್, ರಾತ್ರಿ ಮೊಬೈಲ್. ಮಗಳು ದೊಡ್ಡವಳಾದಳೆಂದು ಕುಂಟೆಬಿಲ್ಲೆ ಬಿಡಿಸುವ ಮನೆಗಳು ಇನ್ನೂ ಇವೆ. ಅದನ್ನು ಕ್ರೋಮೊಸೋಮಿನ ಲೆಕ್ಕಕ್ಕೆ ಬರೆಯುವುದು ಹೇಗೆ?

ಆ ಹುಡುಗನ ವಿಷಯ. ಪೀರಿಯಡ್ಡನ್ನು ದೈಹಿಕ ಶಿಕ್ಷಕರಿಗೆ ಹಿಂದಿರುಗಿಸಿದೆ. ಮೈದಾನದಲ್ಲಿ ಎರಡು ಸುತ್ತು ಓಡಿ, ನಾಡಿ ಬಡಿತ ಮೊದಲಿನಂತಾಗಲು ಎಷ್ಟು ಹೊತ್ತು ಬೇಕೆಂದು ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಬರೆಯುವ ಪ್ರಯೋಗ ಹಾಕಿಕೊಟ್ಟೆ. ಜುಲೈನಲ್ಲಿ ಅವನಿಗೆ 9 ನಿಮಿಷ ಬೇಕಾಗಿತ್ತು. ದೀಪಾವಳಿಯ ಹೊತ್ತಿಗೆ 6. ಓಟದಲ್ಲಿ ಈಗಲೂ ಹಿಂದಿನ ಸಾಲಿನವನೇ, ಮೈಯೂ ಹೆಚ್ಚೇನೂ ಇಳಿದಿಲ್ಲ. ಕಬಡ್ಡಿಯಲ್ಲಿ ಮಾತ್ರ ಅವನು ಹಿಡಿದ ಕಾಲು ಬಿಡಿಸಿಕೊಳ್ಳುವುದು ಕಷ್ಟ ಎಂದು ಉಳಿದವರು ದೂರುತ್ತಾರೆ.

ಕಳೆದ ತಿಂಗಳು ಪೋಷಕರ ಸಭೆಗೆ ಬಂದ ಅವನ ತಂದೆ ಅಂಕಪಟ್ಟಿಗೆ ಸಹಿ ಹಾಕಿದ ಮೇಲೂ ಸ್ವಲ್ಪ ಹೊತ್ತು ನಿಂತಿದ್ದರು. ನಾಡಿ ಎಣಿಸಲು ಬೆರಳನ್ನು ಎಲ್ಲಿಡಬೇಕು ಸಾರ್, ಎಂದು ಕೇಳಿದರು.